ಎರಡು ರೈಫಲ್‌ಗಳನ್ನೂ ಒಯ್ಯು

ಪ್ರೀತಿಯ ಡೆಲ್ಮರ್,

ಹಳೆಯ ಗ್ಯಾರಂಡ್ ರೈಫಲ್ ಮೇಲೋ, ಈಗಿನ ಎಆರ್ ರೈಫಲ್ ಮೇಲೋ, ನಮ್ಮ ಶೂಟಿಂಗ್ ಕ್ಲಬ್ಬಿನವರಿಗೆ ಬರೆದುಕೊಡು ಅಂದಿದ್ದೆಯಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ತಪ್ಪಿದ್ದರೆ ತಿದ್ದಿಕೋ. ಹೊಸದು ಹಗುರ, ಭುಜಕ್ಕೆ ಅಷ್ಟಾಗಿ ಒದೆಯುವುದಿಲ್ಲ. ಹಳೆಯದು ಭಾರ, ಎಂಟೇ ಗುಂಡು. "ಲೋ ವರ್ಲಿನ್, ಅದು ಬಂದೂಕಲ್ಲ ಕಣೋ, ಒನಕೆ! ನಿನ್ ಹೆಂಡ್ತಿಗೆ ಕೊಡು, ಜೋಳ ಕುಟ್ಲಿ" ಎಂದು ನೀನು ಆಡಿಕೊಂಡರೆ ಲೊರೀನ್ ಎಷ್ಟು ನಗುತ್ತಿದ್ದಳು. ಆದರೂ ನಾನು ಗುರಿ ಕಲಿತದ್ದು ಅದರಲ್ಲೇ.

ಮಂಗಳವಾರ ಅದರಲ್ಲಿ ಗುಂಡು ತುಂಬುವಾಗ ಗುಂಡನ್ನು ಒಳಗೆ ತಳ್ಳುವ ಬೋಲ್ಟ್ ಮುಂದೆ ನುಗ್ಗಿ ನನ್ನ ಹೆಬ್ಬೆರಳು ಜಜ್ಜಿತು. ಹೊಸಬರಿಗೆ ಬೀಳುವ ಪೆಟ್ಟು ಅದು. ನಲವತ್ತು ವರ್ಷದಲ್ಲಿ ನನಗೆ ಇದೇ ಮೊದಲು. ಮಂಗಳವಾರ ಶೂಟಿಂಗ್ ಮೈದಾನ ಮುಚ್ಚಿರುತ್ತದಲ್ಲ ಎಂದು ನೀನು ಕೇಳುತ್ತೀಯ. ಹೌದು. ನಾನು ಅಡುಗೆಮನೆಯಲ್ಲಿದ್ದೆ, ಲೊರೀನಳ ಕುರ್ಚಿಯ ಎದುರು. ನೋವಿಗೆ ಕಿರುಚಿಕೊಂಡೆ, ಆಮೇಲೆ ಅದನ್ನು ಕೆಳಗಿಟ್ಟೆ.

ಅವಳು ತೀರಿಕೊಂಡು ಹನ್ನೊಂದು ವಾರವಾಯಿತು. ಬೆಳಗಾದರೆ ಏಕೆ ಏಳಬೇಕೆಂದು ತೋಚುವುದಿಲ್ಲ.

ದಯವಿಟ್ಟು ಬಂದು ಎರಡನ್ನೂ ನಿನ್ನ ಮನೆಗೆ ಒಯ್ಯು. ಅವನ್ನಿಟ್ಟು ಬೀಗ ಹಾಕಿದ ಬೀರುವಿನ ಕೀಲಿಕೈ ಈ ಲಕೋಟೆಯಲ್ಲಿದೆ, ನನ್ನ ಹತ್ತಿರ ಇನ್ನೊಂದಿಲ್ಲ. ದಾರಿಯಲ್ಲಿ ಬಿದ್ದುಹೋದೀತೆಂದು ಮೂರು ಸುತ್ತು ಟೇಪು ಹಚ್ಚಿದ್ದೇನೆ. ನಿನ್ನ ನೆಲಮಾಳಿಗೆಯಲ್ಲಿ ತೇವ ಜಾಸ್ತಿ, ಹಳೆಯದಕ್ಕೆ ಎಣ್ಣೆ ಸವರಿಡು. ವಾಪಸು ಕೊಡು ಎಂದು ನಾನು ಫೋನ್ ಮಾಡಬಹುದು, ಈಗ ಚೆನ್ನಾಗಿದ್ದೇನೆ ಅಂತಲೂ ಹೇಳಬಹುದು. ಫೋನಿನಲ್ಲಿ ನಂಬಬೇಡ. ಬಂದು ನನ್ನ ಮುಖ ನೋಡು.

ನಿನ್ನ,
ವರ್ಲಿನ್