ಟ್ರಾಮಿನ ದಾರಿಯ ಕಿಂಡಿ

ಸೋಫಿಯಾ, ಭಾನುವಾರ

ಪ್ರೀತಿಯ ಸ್ವೆತಕ್ಕಾ,

ಮಗಳ ಹೊಸ ಮನೆ ಸೇರಿದ್ದೇನೆ. ಕಾರಿಲ್ಲದವರೂ ನಡೆದೇ ಓಡಾಡಬಹುದಾದ ಬಡಾವಣೆ ಎಂದು ಹೇಳಿ ಮಾರಿದರಂತೆ. ಟ್ರಾಮ್ ನಿಲ್ದಾಣ ಅಡುಗೆಮನೆಯ ಕಿಟಕಿಗೇ ಕಾಣುತ್ತದೆ. ಆದರೆ ನಡುವೆ ಹೆದ್ದಾರಿಯಷ್ಟು ಅಗಲದ ರಸ್ತೆ, ಅದಕ್ಕೊಂದು ಕಬ್ಬಿಣದ ಬೇಲಿ. ದಾಟುವ ಜಾಗ ಎಲ್ಲೋ ಪೆಟ್ರೋಲ್ ಬಂಕಿನಾಚೆ ಇದೆ. ಯಾರೋ ಸರಳು ಬಗ್ಗಿಸಿ ಕಿಂಡಿ ಮಾಡಿದ್ದಾರೆ, ಮುದುಕಿಯರೂ ಅದರಲ್ಲೇ ನುಸುಳುತ್ತಾರೆ.

ನನ್ನ ಓಗ್ನ್ಯಾನ್ ತೀರಿಕೊಂಡು ಇವತ್ತಿಗೆ ಆರು ತಿಂಗಳು. ಊರಲ್ಲಾದರೆ ಬಸ್ ನಿಲ್ದಾಣದ ಗೋಡೆ ತುಂಬ ಸತ್ತವರ ಫೋಟೊಗಳಿರುತ್ತವೆ. ನಮ್ಮ ಯಜಮಾನರ ಫೋಟೊ ಇರುವ ಸ್ಮರಣೆಯ ಕಾಗದ ಹಿಡಿದು, ಅಷ್ಟು ದೂರ ಸುತ್ತಿಕೊಂಡು ಟ್ರಾಮ್ ನಿಲ್ದಾಣಕ್ಕೆ ಹೋದೆ. ನಿಲ್ದಾಣದ ಗಾಜಿನ ಗೋಡೆ ಒರೆಸುತ್ತಿದ್ದವನು ತಡೆದ.

"ಇಲ್ಲಿ ಅಂಟಿಸ್ಬೇಡಿ ಅಜ್ಜಿ, ಹೊಸಾ ಗಾಜು."

"ನಮ್ಮೆಜಮಾನ್ರನ್ನ ಮತ್ತೆಲ್ಲಪ್ಪ ಅಂಟಿಸ್ಲಿ? ಜನ ನೋಡ್ಬೇಕಲ್ಲ."

"ನಿಮ್ಮನೆ ಬಾಗಿಲಿಗೆ ಅಂಟಿಸ್ಕೊಳ್ಳಿ."

"ಅಲ್ಲಿ ನೋಡೋರು ನಾನು, ನನ್ ಮಗಳು. ಅವ್ರು ಹೋಗಿರೋದು ನಮ್ಗೆ ಗೊತ್ತಲ್ಲ."

ಸಾಕಾಗಿಹೋಯಿತು. ಬರುವಾಗ ಆ ಕಿಂಡಿಯಲ್ಲೇ ನುಸುಳಿ, ಅದರ ಮೇಲಿನ ಸರಳಿಗೆ ಕಾಗದವನ್ನು ದಾರದಿಂದ ಕಟ್ಟಿಬಿಟ್ಟೆ. ಈಗ ಮಂಡಿನೋವಿಗೆ ನೀನು ಕೊಟ್ಟ ಪ್ಲಮ್ ಸಾರಾಯಿ ತಿಕ್ಕುತ್ತ ಕಿಟಕಿಯಲ್ಲಿ ಕೂತಿದ್ದೇನೆ. ಟ್ರಾಮಿಗೆ ಹೋಗುವವರೆಲ್ಲ ಅವರ ಮುಂದೆ ತಲೆ ಬಗ್ಗಿಸಿಯೇ ದಾಟುತ್ತಿದ್ದಾರೆ.

ಕಾರ್ಡಿನಲ್ಲಿ ಜಾಗವಿಲ್ಲ.

ನಿನ್ನ ಸ್ತಾಂಕಾ