ಅಂಬಿಗಿತ್ತಿಯ ಕಡೀ ಅಧ್ಯಾಯ

೧೮ ಆಗಸ್ಟ್ ೨೦೨೪, ರವಿವಾರ

ಗೆಳತಿ ಭಕ್ತಿಯ ನೋಟ್‌ಬುಕ್ ಇಸಗೊಂಡು ಬರಾಕ ಇವತ್ತ ತೇರದಾಳಕ್ಕ ಹೋಗಿದ್ದೆ. ಆಕಿ ತೀರಿಕೊಂಡು ಎರಡು ತಿಂಗಳಾತು.

ನಾವಿಬ್ರೂ ಕೂಡಿ ಬರಿಯಾಕತ್ತಿದ್ದ ಕಾದಂಬರಿಯೊಳಗ ಐದು ಲೋಕ ಒಂದೊಂದಾಗಿ ಸಾಯತಾವ. ಪ್ರತಿ ಲೋಕದ ಕತಿ ಅಲ್ಲಿಯವರೊಬ್ಬರು ಹೇಳತಾರ. ನೀರಿನ ಲೋಕದ ಅಂಬಿಗಿತ್ತಿಯನ್ನ ಬರದಾಕಿ ಭಕ್ತಿ. ಅಂಬಿಗಿತ್ತಿಯ ಸಾವು ಈಗ ನಾನ ಬರೀಬೇಕು.

ಭಕ್ತಿಯ ಅವ್ವ ಪದ್ಮವ್ವ ಕಾಕು ಅದನ್ನೆಲ್ಲಾ ಓದ್ಯಾರ. "ಅಂಬಿಗಿತ್ತಿ ಮುಂದ ಏನಾಗತಾಳವಾ?" ಅಂದ್ರು.

"ಸಾಯತಾಳ್ರಿ ಕಾಕು. ಭಕ್ತಿನ ಹಂಗ ಅಂದಿದ್ಲು."

ಕಾಕು ನೋಟ್‌ಬುಕ್ಕಿನ ಧೂಳ ಸೆರಗಿಲೆ ಒರಿಸಿದ್ರು. "ಆಕಿ ಹೇಳಿದಂಗ ಬರಿ. ಆದ್ರ ಕಡೀಕ ಒಬ್ಬಾಕಿನ್ನ ಬಿಡಬ್ಯಾಡ. ಯಾರರೆ ಬಾಜೂಕ ಇರಲಿ."

ದವಾಖಾನ್ಯಾಗ ಜೀವ ಹೋಗೂ ಹೊತ್ತಿನ್ಯಾಗ ಭಕ್ತಿ ಬಾಜೂಕ ಯಾರೂ ಇರಲಿಲ್ಲ. ಬರತೇನಿ ಅಂದಿದ್ದ ನಾನು, ಆಕಿನ್ನ ಹಂಗ ನೋಡಾಕ ಅಂಜಿ, ಹೋಗಿರಲಿಲ್ಲ. ಕಾಕುಗ ಅದು ಗೊತ್ತೈತಿ.

ಮನಿಗೆ ಬಂದು ಬರಿಯಾಕ ಕುಂತೆ. ದೋಣಿಯೊಳಗ ಇನ್ನೊಬ್ಬಾಕಿನ್ನ ಕೂಡಿಸಿದೆ, ಅಂಬಿಗಿತ್ತಿ ಕೈ ಹಿಡಿಸಿದೆ. ಅಳು ಬರಲಿಲ್ಲ. ಬೆರಳು ಬ್ಯಾರೆ ಯಾರವೋ ಅನ್ನುವಂಗ ಬರಕೋತ ಹೋದವು. ಅಂಬಿಗಿತ್ತಿ, "ಈಗರೆ ಬಂದಿಯಲ್ಲ" ಅಂತಾಳ. ಅದಕ್ಕ ಈಕಿ, "ಅಂಜಿ ಬಂದಿರಲಿಲ್ಲ" ಅಂತಾಳ.