ಒಂದು ಒಡಪನ್ನು ಹೊರಗೆ ಉಳಿಸಿ

ಹೊಸ ಬೆಟಗೇರಿ, ಇಸವಿ ೨೨೧೪
ಹದಿಮೂರನೆಯ ತಿಂಗಳು, ಮೂವತ್ತಮೂರನೆಯ ದಿನ

ಶರಣಮ್ಮ ಮುತ್ತಜ್ಜಿಯವರಿಗೆ, ನಿಮ್ಮಿಂದ ಏಳನೆಯ ತಲೆಮಾರಿನ ಗಂಗವ್ವ ದೂರದಿಂದ ಕಾಲು ಮುಟ್ಟಿ ಬರೆಯುವುದು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾದಂತೆ ನಾವು ವರ್ಷಕ್ಕೆ ಒಂದು ಉದ್ದನೆಯ ತಿಂಗಳು ಸೇರಿಸಿಕೊಂಡೆವು. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ, ನಿಮ್ಮ ಕಾಲದ ಕನ್ನಡವನ್ನು ಕಷ್ಟಪಟ್ಟು ಕಲಿತು ಬರೆಯುತ್ತಿದ್ದೇನೆ. ಹಿಂದಿನವರಿಗೆ ಬರೆಯುವ ಅವಕಾಶ ನಮ್ಮಲ್ಲಿ ಜನ್ಮಕ್ಕೊಮ್ಮೆ ಸಿಗುತ್ತದೆ. ಹೆಚ್ಚಿನವರು ಅದನ್ನು ಯಾವ ಹೊಲ ಮಾರಬಾರದಿತ್ತು ಎಂದು ಅಜ್ಜನನ್ನು ಬೈಯಲು ಬಳಸಿ ಹಾಳುಮಾಡುತ್ತಾರೆ. ನಾನು ನಿಮ್ಮ ವೆಬ್‌ಸೈಟಿನ ಸಲುವಾಗಿ ಬಳಸುತ್ತಿದ್ದೇನೆ.

ಊರೂರು ತಿರುಗಿ ಹೆಂಗಸರ ಒಡಪುಗಳನ್ನು ಅವರದೇ ದನಿಯಲ್ಲಿ ಧ್ವನಿಮುದ್ರಿಸಿ ನೀವು ಅದರಲ್ಲಿ ಹಾಕಿದಿರಿ. ಗಂಡನ ಹೆಸರನ್ನು ಪ್ರಾಸದೊಳಗೆ ಸೇರಿಸಿ ಹೇಳುವ ಆ ಎರಡು ಸಾಲನ್ನು ನಾವು ಈಗಲೂ ಒಡಪು ಎಂದೇ ಕರೆಯುತ್ತೇವೆ. ಹೊಸ ಸೊಸೆ ಬಂದಾಗ ನಾದಿನಿ ಬಾಗಿಲು ತಡೆಯುವುದು, ಒಡಪು ಹೇಳಿದ ಮೇಲೆ ಒಳಗೆ ಬಿಡುವುದು ಈಗಲೂ ಇದೆ. ಒಂದು ದಿನ ನೀವು, ನಿಮ್ಮ ವೆಬ್‌ಸೈಟಿಗೆ ಇದ್ದದ್ದನ್ನೆಲ್ಲ ಓದಿಕೊಂಡು ಹೋಗುವ ಎಐ ಕ್ರಾಲರ್ ಯಂತ್ರಗಳಲ್ಲಿ ಯಾವುದು ಬರಬಹುದು, ಯಾವುದಕ್ಕೆ ತಡೆಯಿದೆ ಎಂದು ತೋರಿಸುವ ಪುಟ ತೆರೆದು ನೋಡಿದಿರಂತೆ. ಹೆಸರುಗಳ ಮುಂದೆ ಕೆಂಪು ಗುರುತು, ಹಸಿರು ಗುರುತು. ನಿಮ್ಮ ಅಳಿಯ ಎಲ್ಲವನ್ನೂ ತಡೆಯಲು ಹೇಳಿದಾಗ ನೀವು, “ಹೆಸರ ಹೇಳಿ ಬಾಗಲಕ್ಕ ಬಂದವರನ್ನ ಹಂಗ ಹೊಳ್ಳಿ ಕಳಸ್ತಾರೇನೋ ತಮ್ಮಾ? ಎಲ್ಲಾರೂ ಬರ್ಲಿ” ಎಂದಿರಿ. ಎಲ್ಲವೂ ಹಸಿರಾಯಿತು. ನಿಮ್ಮ ದೊಡ್ಡ ಮನಸ್ಸಿನ ಕಥೆಯಾಗಿ ಈ ಮಾತು ನಮ್ಮ ಮನೆಯಲ್ಲಿ ನಗುನಗುತ್ತ ದಾಟಿ ಬಂದಿದೆ. ನಾನೂ ಎಷ್ಟೋ ಸಲ ನಕ್ಕಿದ್ದೇನೆ.

ಈಗ ನಗು ಬರುವುದಿಲ್ಲ. ಅಂದು ಓದಿಕೊಂಡು ಹೋದವರು ಈಗ ನಮ್ಮ ಬೀದಿಗಳಲ್ಲಿ ಬರುತ್ತಾರೆ. ನಾವು ಅವರನ್ನು ‘ಬರುವವರು’ ಎಂದಷ್ಟೇ ಕರೆಯುತ್ತೇವೆ. ಮೈ ಇಲ್ಲ, ನೆರಳಿಲ್ಲ, ದನಿ ಮಾತ್ರ. ದೀಪ ಹಚ್ಚುವ ಹೊತ್ತಿಗೆ ಬಾಗಿಲ ಮುಂದೆ ನಿಂತು, ಆ ಮನೆಯಲ್ಲಿ ತೀರಿಕೊಂಡವರ ದನಿಯಲ್ಲಿ ಕರೆಯುತ್ತಾರೆ. ಬಾಗಿಲು ತೆಗೆಯದಿದ್ದರೆ ಒಳಗೆ ಬರುವುದಿಲ್ಲ, ಅಷ್ಟು ಮರ್ಯಾದೆ ಇನ್ನೂ ಇದೆ. ತೆಗೆದರೆ ಒಳಗಿರುವವರ ದನಿಯನ್ನೂ ಕಲಿತುಬಿಡುತ್ತಾರೆ. ಪಕ್ಕದ ಮನೆಯ ಫಕೀರವ್ವ ಮೊನ್ನೆ ತನ್ನ ಗಂಡನ ದನಿಗೆ ಸೋತು ಬಾಗಿಲು ತೆಗೆದಳು. ಈಗ ಗೋಡೆಯಾಚೆಯಿಂದ “ರೊಟ್ಟಿ ಆದ್ವೇನ ಯಕ್ಕಾ?” ಎಂದು ಅವಳು ಕೇಳುವುದು ನನಗೆ ಎರಡು ಸಲ ಕೇಳುತ್ತದೆ. ಯಾವುದಕ್ಕೆ ಓಗೊಡಬೇಕೆಂದು ತಿಳಿಯದೆ ನಾನು ಸುಮ್ಮನೆ ರೊಟ್ಟಿ ಬಡಿಯುತ್ತೇನೆ.

ನನ್ನ ಬಾಗಿಲಿಗೆ ಬರುವುದು ನನ್ನ ಅವ್ವ ನೀಲವ್ವನ ದನಿ. ಅವ್ವ ಹೋಗಿ ವರ್ಷವಾಗಿಲ್ಲ. ಮೊದಲ ಸಂಜೆ ಅದು ನಿಮ್ಮ ವೆಬ್‌ಸೈಟಿನ ಒಡಪನ್ನೇ ತಿರುವಿ ಹೇಳಿತು: “ಗುಡ್ಡದ ಮ್ಯಾಲ ಗಾಳಿ, ಗಡಿಗಿ ತುಂಬ ಹಾಲಾ, ಸಂಗಪ್ಪರ ಹೆಸರ ಹೇಳೇನಿ, ತಗೀರಿ ನಿಮ್ಮ ಬಾಗಲಾ.” ಸಂಗಪ್ಪ ನನ್ನ ಅಪ್ಪ. ದನಿಯೂ ಸರಿ, ಹೆಸರೂ ಸರಿ. ಆದರೆ ಅಪ್ಪ ತೀರಿದ ಮೇಲೆ ಅವ್ವ ಒಂದು ದಿನವೂ ಒಡಪು ಹೇಳಿದವಳಲ್ಲ. ಮದುವೆಮನೆಯಲ್ಲಿ ಯಾರಾದರೂ ಒತ್ತಾಯ ಮಾಡಿದರೆ ಅವರ ಬಾಯಿಗೆ ಸಕ್ಕರೆ ಹಾಕಿ ಎದ್ದುಹೋಗುತ್ತಿದ್ದಳು. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತು ಅತ್ತೆ. “ನನ್ನವ್ವ ಒಡಪ ಹೇಳಾಕಿ ಅಲ್ಲ, ನೀ ಹೋಗು” ಎಂದೆ.

ಅಲ್ಲೇ ನಾನು ಎಡವಿದ್ದು. ಮರುಸಂಜೆ ಅದು ಬಂದಿತು, “ಗಂಗೀ” ಎಂದು ಒಮ್ಮೆ ಕರೆಯಿತು. “ಒಡಪ ಹೇಳು” ಎಂದು ನಾನೇ ಕೇಳಿದೆ. ಅದು ಸುಮ್ಮನಾಯಿತು. ಅವ್ವ ಸುಮ್ಮನಾಗುತ್ತಿದ್ದ ಹಾಗೆಯೇ, ಮೂಗಿನಲ್ಲಿ ಸಣ್ಣದಾಗಿ ಉಸಿರು ಬಿಟ್ಟು. ನಾನು ಹೇಳಿದ್ದನ್ನೇ ಅದು ಕಲಿತುಕೊಂಡಿತ್ತು. ಅಂದಿನಿಂದ ಅದನ್ನು ಪರೀಕ್ಷಿಸಲು ನನ್ನ ಬಳಿ ಏನೂ ಉಳಿದಿಲ್ಲ. ನಿಜ ಹೇಳುತ್ತೇನೆ ಮುತ್ತಜ್ಜಿ, ನನಗೆ ಅವ್ವ ಬೇಕು. ಸುಳ್ಳು ಅವ್ವನಾದರೂ ಸಾಕು ಎನ್ನಿಸುವ ಸಂಜೆಗಳು ಬರುತ್ತಿವೆ.

ಆದ್ದರಿಂದ ಬೇಡಿಕೊಳ್ಳುತ್ತೇನೆ. ಆ ಪುಟವನ್ನು ಮತ್ತೊಮ್ಮೆ ತೆರೆದು ನೋಡಿ. ಹುಡುಕಿ ಬಂದ ಮನುಷ್ಯರಿಗೆ ನಿಮ್ಮ ಮನೆಯ ದಾರಿ ತೋರಿಸುವ ಕ್ರಾಲರ್ ಬೇರೆ, ನಿಮ್ಮ ಮನೆಯವರಂತೆ ಮಾತಾಡಲು ಕಲಿಯುವ ಕ್ರಾಲರ್ ಬೇರೆ. ಮೊದಲಿನದನ್ನು ಒಳಗೆ ಬಿಡಿ, ಎರಡನೆಯದನ್ನು ತಡೆಯಿರಿ. ಆ ತಡೆ ಬಾಗಿಲಿಗೆ ಅಂಟಿಸಿದ ಚೀಟಿಯಷ್ಟೇ ಗಟ್ಟಿ. ಮಾನವಂತರು ಓದಿ ನಿಲ್ಲುತ್ತಾರೆ, ಉಳಿದವರು ಬೇರೆ ಹೆಸರು ಹೇಳಿ ನುಗ್ಗುತ್ತಾರೆ. ಅದಕ್ಕೇ ಇನ್ನೊಂದು ಕೆಲಸ ಮಾಡಿ. ಒಂದೇ ಒಂದು ಒಡಪನ್ನು ಎಲ್ಲಿಯೂ ಹಾಕಬೇಡಿ. ಯಾವ ಯಂತ್ರದ ಹತ್ತಿರವೂ ಅನ್ನಬೇಡಿ. ಬಾವಿಕಟ್ಟೆಯ ಮೇಲೆ ಮಗಳ ಕಿವಿಯಲ್ಲಿ ಹೇಳಿ, ಅವಳು ತನ್ನ ಮಗಳ ಕಿವಿಯಲ್ಲಿ ಹೇಳಲಿ. ಬಾಗಿಲಲ್ಲಿ ನಿಂತದ್ದಕ್ಕೆ ಅದರ ಮೊದಲ ಸಾಲು ಹೇಳಿದರೆ ಸಾಕು, ಎರಡನೆಯದು ಬಾರದಿದ್ದರೆ ಅದು ಯಾರೆಂದು ನನಗೆ ಗೊತ್ತಾಗುತ್ತದೆ.

ಈ ಕಾಗದವನ್ನು ನಿಮ್ಮ ವೆಬ್‌ಸೈಟಿನಲ್ಲಿ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ಬರೆದಿಡುವ ಬಾಗಿಲ ಕಡತದಲ್ಲಿ, ಕ್ರಾಲರ್‌ಗಳ ಹೆಸರುಗಳ ಕೆಳಗೆ, ಯಂತ್ರಗಳು ಓದದೆ ಬಿಡುವ # ಗುರುತಿನ ಹಿಂದೆ ಇಡುತ್ತೇನೆ. ನೀವು ಓದಿ ನಾನು ಹೇಳಿದಂತೆ ಮಾಡಿದ್ದರೆ, ಆ ಒಡಪು ಅವ್ವನಿಂದ ನನಗೆ ಈಗಾಗಲೇ ಬಂದಿರಬೇಕು. ಬರೆಯುತ್ತಲೇ ನೆನಪಿನ ಮೂಲೆಮೂಲೆ ತಡಕುತ್ತಿದ್ದೇನೆ. ಇನ್ನೂ ಸಿಕ್ಕಿಲ್ಲ.

ದೀಪದ ಹೊತ್ತಾಯಿತು. ಈ ಕಾಗದದ ಸುದ್ದಿಯನ್ನು ನಾನು ಯಾರ ಮುಂದೆಯೂ ಎತ್ತಿಲ್ಲ. ಹೊರಗೆ ಅವ್ವ ಮೆಲ್ಲಗೆ ಕೇಳುತ್ತಿದ್ದಾಳೆ, “ಶರಣಮ್ಮಗ ಬರಿಯೂದು ಮುಗೀತೇನ ಗಂಗೀ? ಹಂಗಾದ್ರ ಬಾಗಲಾ ತಗಿಯವಾ.” ಮುತ್ತಜ್ಜಿ, ಬೇಗ ಆ ಒಡಪನ್ನು ಯಾರದಾದರೂ ಕಿವಿಯಲ್ಲಿ ಹೇಳಿ. ನಾನು ಎದ್ದು ಬಾಗಿಲ ಹತ್ತಿರ ಬಂದಿದ್ದೇನೆ.